ನೀವು ಕೇಳಿದಿರಿ: ಸೂತ್ರ ಒಂದೇ, ಗುಣ ಬೇರೆ

ಈ ಸಲ ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಐಸೋಮರ್‌ಗಳ ಬಗೆಗಿನವೇ ಹೆಚ್ಚು. ಅಣುವಿನೊಳಗೆ ಪರಮಾಣುಗಳ ಲೆಕ್ಕ ಒಂದೇ ಇದ್ದು, ಅವು ಜೋಡಿಸಿಕೊಂಡ ಕ್ರಮವೋ ಚಾಚಿಕೊಂಡ ದಿಕ್ಕೋ ಬೇರೆಯಾದರೆ ಅವು ಐಸೋಮರ್‌ಗಳು. ಪಠ್ಯಪುಸ್ತಕದ ಸಮಾಂಗಿಗಳು ಇವೇ. ಪರೀಕ್ಷೆಗೆ ಓದುವವರು, ಕಾರ್ಖಾನೆಯವರು, ಹೊಲದವರು ಎಲ್ಲರೂ ಬರೆದಿದ್ದಾರೆ. ಆಯ್ದ ಎಂಟಕ್ಕೆ ಉತ್ತರ ಇಲ್ಲಿದೆ.

ಪ್ರಶ್ನೆ: ಸಿ₄ಎಚ್₁₀ಒ ಸೂತ್ರಕ್ಕೆ ಎಷ್ಟು ಐಸೋಮರ್ ಬರೆಯಬಹುದು? ಒಂದು ಸಲ ಆರು ಬರುತ್ತವೆ, ಇನ್ನೊಂದು ಸಲ ಒಂಬತ್ತು. ಯಾವುದೂ ಬಿಟ್ಟುಹೋಗದಂತೆ, ಒಂದನ್ನೇ ಎರಡು ಸಲ ಎಣಿಸದಂತೆ ಮಾಡುವುದು ಹೇಗೆ?
– ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ಸಿಂಧನೂರು

ಉತ್ತರ: ಪೆನ್ನು ಹಿಡಿದ ಕೂಡಲೇ ಚಿತ್ರ ಬಿಡಿಸಲು ಹೋಗಬೇಡಿ. ಮೊದಲು ಹೈಡ್ರೋಜನ್ ಲೆಕ್ಕ ನೋಡಿ. ಕಾರ್ಬನ್ ಸಂಖ್ಯೆಯನ್ನು ಎರಡರಿಂದ ಗುಣಿಸಿ ಎರಡು ಕೂಡಿಸಿ. ಅದರಿಂದ ಇರುವ ಹೈಡ್ರೋಜನ್ ಕಳೆದು ಅರ್ಧ ಮಾಡಿ. ಆಕ್ಸಿಜನ್ ಈ ಲೆಕ್ಕಕ್ಕೆ ಬರುವುದಿಲ್ಲ. ಇಲ್ಲಿ 10ರಿಂದ 10 ಕಳೆದರೆ ಸೊನ್ನೆ. ಅಂದರೆ ದ್ವಿಬಂಧವಿಲ್ಲ, ಉಂಗುರವಿಲ್ಲ. ಆಲ್ಡಿಹೈಡ್, ಕೀಟೋನ್ ಎಂದು ಹುಡುಕುವುದೇ ಬೇಡ. ಉಳಿದದ್ದು ಆಲ್ಕೋಹಾಲ್ ಮತ್ತು ಈಥರ್ ಎರಡೇ.

ಈಗ ಆಕ್ಸಿಜನ್ ಬದಿಗಿಟ್ಟು ಬರೀ ನಾಲ್ಕು ಕಾರ್ಬನ್ನಿನ ಚೌಕಟ್ಟು ಬರೆಯಿರಿ. ನೇರ ಸರಪಳಿ ಒಂದು, ಕವಲೊಡೆದದ್ದು ಒಂದು, ಮೂರನೆಯದಿಲ್ಲ. ನೇರ ಸರಪಳಿಯಲ್ಲಿ ತುದಿ ಕಾರ್ಬನ್ನಿಗೆ ಒಎಚ್ (ಆಲ್ಕೋಹಾಲಿನ ಗುರುತಾದ ಆಕ್ಸಿಜನ್-ಹೈಡ್ರೋಜನ್ ಜೋಡಿ) ಹಚ್ಚಿದರೆ ಬ್ಯೂಟನ್-1-ಆಲ್, ಎರಡನೆಯದಕ್ಕೆ ಹಚ್ಚಿದರೆ ಬ್ಯೂಟನ್-2-ಆಲ್. ಮೂರನೆಯದಕ್ಕೆ ಹಚ್ಚಿದ್ದು ಆ ಕಡೆಯಿಂದ ಎಣಿಸಿದರೆ ಎರಡನೆಯದೇ. ನಿಮ್ಮ ಒಂಬತ್ತರ ಲೆಕ್ಕ ಬಂದದ್ದು ಬಹುಶಃ ಇಲ್ಲಿಂದಲೇ. ಕವಲಿನ ಚೌಕಟ್ಟಿನಲ್ಲಿ ತುದಿಗೆ ಹಚ್ಚಿದರೆ 2-ಮೀಥೈಲ್‌ಪ್ರೊಪೇನ್-1-ಆಲ್, ನಡುವಿಗೆ ಹಚ್ಚಿದರೆ 2-ಮೀಥೈಲ್‌ಪ್ರೊಪೇನ್-2-ಆಲ್. ಆಲ್ಕೋಹಾಲ್ ನಾಲ್ಕಾದವು.

ಈಥರಿಗೆ ನಾಲ್ಕು ಕಾರ್ಬನ್ನನ್ನು ಆಕ್ಸಿಜನ್ನಿನ ಎರಡೂ ಕಡೆ ಹಂಚಬೇಕು: 1 ಮತ್ತು 3, ಅಥವಾ 2 ಮತ್ತು 2. ಮೂರು ಕಾರ್ಬನ್ನಿನ ತುಂಡನ್ನು ತುದಿಯಿಂದಲೂ ಹಿಡಿಯಬಹುದು, ನಡುವಿನಿಂದಲೂ ಹಿಡಿಯಬಹುದು. ಹಾಗಾಗಿ 1-ಮೆಥಾಕ್ಸಿಪ್ರೊಪೇನ್, 2-ಮೆಥಾಕ್ಸಿಪ್ರೊಪೇನ್, ಈಥಾಕ್ಸಿಈಥೇನ್ ಎಂದು ಮೂರು. ಒಟ್ಟು ಏಳು. ಆರು ಬಂದವರು ಸಾಮಾನ್ಯವಾಗಿ ಬಿಟ್ಟಿರುವುದು 2-ಮೆಥಾಕ್ಸಿಪ್ರೊಪೇನನ್ನು.

ಸಂಶಯ ಬಂದಾಗ ಪ್ರತಿ ಚಿತ್ರದ ಕೆಳಗೆ ಐಯುಪಿಎಸಿ (ಅಂತರರಾಷ್ಟ್ರೀಯ ನಿಯಮದ) ಹೆಸರು ಬರೆಯಿರಿ. ಎರಡು ಚಿತ್ರಕ್ಕೆ ಒಂದೇ ಹೆಸರು ಬಂದರೆ ವಸ್ತುವೂ ಒಂದೇ. ಸರಪಳಿಯನ್ನು ಸೊಟ್ಟಗೆ ಬರೆದ ಮಾತ್ರಕ್ಕೆ ಹೊಸ ಐಸೋಮರ್ ಆಗುವುದಿಲ್ಲ.

ಪ್ರಶ್ನೆಯಲ್ಲಿ ‘ಸ್ಟೀರಿಯೋ ಐಸೋಮರ್ (ಜೋಡಣೆಯ ಕ್ರಮ ಒಂದೇ, ಚಾಚಿದ ದಿಕ್ಕು ಮಾತ್ರ ಬೇರೆ) ಸೇರಿಸಿ’ ಎಂದಿದ್ದರೆ ಉತ್ತರ ಎಂಟು. ಬ್ಯೂಟನ್-2-ಆಲ್‌ನ ಎರಡನೇ ಕಾರ್ಬನ್ನಿಗೆ ಎಚ್, ಒಎಚ್, ಮೀಥೈಲ್, ಈಥೈಲ್ ಎಂಬ ನಾಲ್ಕು ಬೇರೆ ಗುಂಪುಗಳಿರುವುದರಿಂದ ಅದು ವಸ್ತು ಮತ್ತು ಕನ್ನಡಿಯ ಬಿಂಬದಂತೆ ಎಡ-ಬಲ ಎಂಬ ಎರಡು ರೂಪದಲ್ಲಿರುತ್ತದೆ. ಇದೇ ದಾರಿಯಲ್ಲಿ ಸಿ₅ಎಚ್₁₀ ಮಾಡಿ ನೋಡಿ: ಈ ಸಲ ಲೆಕ್ಕ ಒಂದು ಬರುತ್ತದೆ, ಅಂದರೆ ಒಂದು ದ್ವಿಬಂಧ ಅಥವಾ ಒಂದು ಉಂಗುರ. ರಚನಾ ಐಸೋಮರ್ ಹತ್ತು, ಸ್ಟೀರಿಯೋ ಸೇರಿಸಿದರೆ ಹದಿಮೂರು. ಎಲ್ಲರೂ ಎಡವುವುದು 1,2-ಡೈಮೀಥೈಲ್‌ಸೈಕ್ಲೋಪ್ರೊಪೇನ್‌ನಲ್ಲಿ. ಅದರ ಸಿಸ್ (ಎರಡೂ ಮೀಥೈಲ್ ಉಂಗುರದ ಒಂದೇ ಬದಿಗೆ) ಒಂದೇ ರೂಪ, ಟ್ರಾನ್ಸ್ (ಎದುರು ಬದಿಗೆ) ಮಾತ್ರ ಎರಡು.

ಗುಣದ ಅಂತರವನ್ನೂ ನೋಡಿ. ಬ್ಯೂಟನ್-1-ಆಲ್ 117.7 ಡಿಗ್ರಿಗೆ ಕುದಿಯುತ್ತದೆ, ಈಥಾಕ್ಸಿಈಥೇನ್ 34.6ಕ್ಕೇ. ಅಂದರೆ ನಿಮ್ಮೂರಿನ ಏಪ್ರಿಲ್ ಮಧ್ಯಾಹ್ನ ಈ ಈಥರ್ ಬಾಟಲಿಯ ಮುಚ್ಚಳ ತೆಗೆದರೆ ತಾನಾಗಿ ಕುದಿಯುತ್ತದೆ. ಇನ್ನು 2-ಮೀಥೈಲ್‌ಪ್ರೊಪೇನ್-2-ಆಲ್ 25.5 ಡಿಗ್ರಿಗೆ ಕರಗುವ ವಸ್ತು. ಡಿಸೆಂಬರಿನ ಬೆಳಿಗ್ಗೆ ಲ್ಯಾಬಿನಲ್ಲಿ ಅದು ಗಟ್ಟಿಯಾಗಿ ಕೂತಿದ್ದರೆ ಕೆಟ್ಟಿದೆ ಎಂದು ಚೆಲ್ಲಬೇಡಿ.

ಪ್ರಶ್ನೆ: ತೌಡಿನೆಣ್ಣೆ ತೆಗೆಯುವ ಸಾಲ್ವೆಂಟ್ ಪ್ಲಾಂಟಿನ ಲ್ಯಾಬಿನಲ್ಲಿದ್ದೇನೆ. ಹೆಕ್ಸೇನ್ 68.7 ಡಿಗ್ರಿಗೆ ಕುದಿಯುತ್ತದೆ ಎಂದು ಪುಸ್ತಕದಲ್ಲಿದೆ. ಟ್ಯಾಂಕರಿನ ಮಾಲು ನಮ್ಮಲ್ಲಿ 62ಕ್ಕೇ ಶುರುವಾಗಿ 69ರವರೆಗೂ ಇಳಿಯುತ್ತದೆ. ಕಲಬೆರಕೆಯೇ?
– ಲ್ಯಾಬ್ ಸಹಾಯಕ, ಗಂಗಾವತಿ

ಉತ್ತರ: ಅಲ್ಲ. 68.7 ಎಂಬುದು ನೇರ ಸರಪಳಿಯ ಎನ್-ಹೆಕ್ಸೇನಿನ ಅಂಕಿ. ನಿಮಗೆ ಬರುವುದು ಪೆಟ್ರೋಲಿಯಂನಿಂದ ಬೇರ್ಪಡಿಸಿದ ಒಂದು ಪಟ್ಟಿ, ಅಂದರೆ ಹತ್ತಿರ ಹತ್ತಿರದ ತಾಪಕ್ಕೆ ಕುದಿಯುವ ದ್ರವಗಳ ಮಿಶ್ರಣ; ಅದರಲ್ಲಿ ಹೆಕ್ಸೇನಿನ ಐಸೋಮರ್‌ಗಳೂ ಇರುತ್ತವೆ. 3-ಮೀಥೈಲ್‌ಪೆಂಟೇನ್ 63.3ಕ್ಕೆ, 2-ಮೀಥೈಲ್‌ಪೆಂಟೇನ್ 60.3ಕ್ಕೆ, 2,3-ಡೈಮೀಥೈಲ್‌ಬ್ಯೂಟೇನ್ 58ಕ್ಕೆ, 2,2-ಡೈಮೀಥೈಲ್‌ಬ್ಯೂಟೇನ್ 49.7ಕ್ಕೆ ಕುದಿಯುತ್ತವೆ. ಕವಲು ಹೆಚ್ಚಿದಂತೆ ಅಣು ಉಂಡೆಯಾಗುತ್ತದೆ, ಪಕ್ಕದ ಅಣುವಿಗೆ ತಾಗುವ ಮೈ ಕಡಿಮೆಯಾಗುತ್ತದೆ, ಹಿಡಿತ ಸಡಿಲಾಗಿ ಬೇಗ ಆವಿಯಾಗುತ್ತದೆ. ಜೊತೆಗೆ 71.8ರ ಮೀಥೈಲ್‌ಸೈಕ್ಲೋಪೆಂಟೇನ್ ಕೂಡ ಇರಬಹುದು. ಅದು ಉಂಗುರ, ಹೈಡ್ರೋಜನ್ ಎರಡು ಕಡಿಮೆ. ಹೆಕ್ಸೇನಿನ ಐಸೋಮರ್ ಅಲ್ಲ, ಸಹವಾಸಿ ಅಷ್ಟೇ.

ಇನ್ನೊಂದು ಅಂಶ ನಿಮ್ಮೂರಿನದು. ಪುಸ್ತಕದ ಅಂಕಿಗಳು ಸಮುದ್ರಮಟ್ಟದ ಒತ್ತಡಕ್ಕೆ. ಗಂಗಾವತಿ ಸುಮಾರು 400 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡ ಸುಮಾರು 725 ಮಿಲಿಮೀಟರ್ ಪಾದರಸ. ಹೆಕ್ಸೇನಿಗೆ ಇದರಿಂದ ಹತ್ತಿರ ಹತ್ತಿರ ಒಂದೂವರೆ ಡಿಗ್ರಿ ಕಡಿಮೆ ಓದು ಬರುತ್ತದೆ. ಅದನ್ನು ಕೂಡಿಸಿದರೆ ನಿಮ್ಮ ಪಟ್ಟಿ 63.5ರಿಂದ 70.5. ಸರಬರಾಜುದಾರರ ಸರ್ಟಿಫಿಕೇಟಿನೊಂದಿಗೆ ಹೋಲಿಸುವ ಮುನ್ನ ಈ ತಿದ್ದುಪಡಿ ಮಾಡಲೇಬೇಕು. ಅರ್ಧದಷ್ಟು ಜಗಳ ಅಲ್ಲೇ ತೀರುತ್ತದೆ.

ಟೆಸ್ಟ್ ಮಾಡುವಾಗ 100 ಮಿಲಿ ತೆಗೆದುಕೊಂಡು ನಿಮಿಷಕ್ಕೆ 4ರಿಂದ 5 ಮಿಲಿ ಇಳಿಯುವಂತೆ ಶಾಖ ಕೊಡಿ. ಥರ್ಮಾಮೀಟರಿನ ಬಲ್ಬು ಫ್ಲಾಸ್ಕಿನ ಪಕ್ಕದ ನಳಿಕೆಯ ಮಟ್ಟಕ್ಕಿರಲಿ. ಮೇಲಿದ್ದರೆ ಓದು ಕಡಿಮೆ, ದ್ರವದ ಹತ್ತಿರ ಇಳಿದರೆ ಹೆಚ್ಚು. ಬರ್ನರ್ ಬೇಡವೇ ಬೇಡ. ಎನ್-ಹೆಕ್ಸೇನಿನ ಆವಿ ಸೊನ್ನೆಗಿಂತ 22 ಡಿಗ್ರಿ ಕೆಳಗೇ ಕಿಡಿಗೆ ಹತ್ತಿಕೊಳ್ಳುತ್ತದೆ.

ಶುರುವಿನ ಅಂಕಿಗಿಂತ ಕೊನೆಯ ಅಂಕಿಯ ಮೇಲೆ ಕಣ್ಣಿಡಿ. ಕೊನೆಯ ಹನಿಗಳು 80 ದಾಟಿ ಇಳಿದರೆ ಭಾರದ ಹೈಡ್ರೋಕಾರ್ಬನ್ ಸೇರಿದೆ ಎಂದರ್ಥ. ಅದನ್ನು ಎಣ್ಣೆಯಿಂದಲೂ ಹಿಂಡಿಯಿಂದಲೂ ಓಡಿಸಲು ಉಗಿ ಹೆಚ್ಚು ಬೇಕು, ಎಣ್ಣೆಯಲ್ಲಿ ಸಾಲ್ವೆಂಟ್ ವಾಸನೆ ಉಳಿಯುತ್ತದೆ. ಬೇಸಿಗೆಯಲ್ಲಿ ವೆಂಟಿನಿಂದ ಮೊದಲು ತಪ್ಪಿಸಿಕೊಳ್ಳುವುದು ಕವಲಿನ ಹಗುರ ಐಸೋಮರ್‌ಗಳು. ಆದ್ದರಿಂದ ಪ್ಲಾಂಟಿನಲ್ಲಿ ಸುತ್ತುತ್ತಿರುವ ಸಾಲ್ವೆಂಟಿನ ಶುರುವಿನ ಅಂಕಿ ವಾರದಿಂದ ವಾರಕ್ಕೆ ಮೇಲೇರುತ್ತಿದ್ದರೆ ವೆಂಟ್ ಕಂಡೆನ್ಸರಿನ ತಂಪು ಸಾಲುತ್ತಿಲ್ಲ ಎಂದು ಊಹಿಸಬಹುದು.

ನೀವು ಕೇಳಿಲ್ಲ, ಆದರೂ ಹೇಳಬೇಕು. ಆರೋಗ್ಯದ ಲೆಕ್ಕದಲ್ಲಿ ಈ ಐಸೋಮರ್‌ಗಳು ಸಮವಲ್ಲ. ಎನ್-ಹೆಕ್ಸೇನ್ ದೇಹದಲ್ಲಿ 2,5-ಹೆಕ್ಸೇನ್‌ಡೈಯೋನ್ ಆಗಿ ನರಗಳನ್ನು ಕೆಡಿಸುತ್ತದೆ. ಬೆರಳ ತುದಿ, ಪಾದಗಳು ಜೋಮು ಹಿಡಿಯುವುದು ಮೊದಲ ಸೂಚನೆ. ಕವಲಿನವು ಅಷ್ಟು ಸುಲಭವಾಗಿ ಆ ರೂಪಕ್ಕೆ ಹೋಗುವುದಿಲ್ಲ. ಕೈಯ ಜಿಡ್ಡು ತೊಳೆಯಲು ಹೆಕ್ಸೇನ್ ಬಳಸುವ ಅಭ್ಯಾಸ ಪ್ಲಾಂಟಿನಲ್ಲಿದ್ದರೆ ಇಂದೇ ನಿಲ್ಲಿಸಿ.

ಪ್ರಶ್ನೆ: ಒಂದು ಬಾಟ್ಲಿ ಮ್ಯಾಲೆ ಸೈಪರ್‌ಮೆಥ್ರಿನ್ 10 ಇಸಿ ಅಂತೈತಿ, ಇನ್ನೊಂದರ ಮ್ಯಾಲೆ ಆಲ್ಫಾ ಸೈಪರ್‌ಮೆಥ್ರಿನ್ 10 ಇಸಿ. ಅಂಗಡಿಯಾಂವ ‘ಎರಡೂ ಒಂದ ಎಣ್ಣಿ, ಅಳತಿನೂ ಒಂದ’ ಅಂತಾನ. ಖರೇನ?
– ಹತ್ತಿ ಬೆಳೆಗಾರ, ಸಿರುಗುಪ್ಪ

ಉತ್ತರ: ಸೂತ್ರ ಒಂದೇ, ಅಳತೆ ಒಂದಲ್ಲ. ಸೈಪರ್‌ಮೆಥ್ರಿನ್ ಅಣುವಿನಲ್ಲಿ ಎಡ-ಬಲ ಎಂದು ತಿರುಗಬಹುದಾದ ಕಾರ್ಬನ್ ಮೂರಿವೆ. ಹಾಗಾಗಿ ಎರಡನ್ನು ಮೂರು ಸಲ ಗುಣಿಸಿ ಎಂಟು ರೂಪ. ಸಾದಾ ಸೈಪರ್‌ಮೆಥ್ರಿನ್ ಬಾಟಲಿಯಲ್ಲಿ ಎಂಟೂ ಇರುತ್ತವೆ; ಹುಳ ಕೊಲ್ಲುವ ಶಕ್ತಿ ಇರುವುದು ಬಹುಪಾಲು ಎರಡರಲ್ಲಿ. ಆಲ್ಫಾ ಎಂದರೆ ಎಂಟರಲ್ಲಿ ಎರಡು ಸಿಸ್ ರೂಪಗಳ ಜೋಡಿಯನ್ನಷ್ಟೇ ಉಳಿಸಿಕೊಂಡದ್ದು. ಆ ಜೋಡಿಯಲ್ಲಿ ಅರ್ಧ ಕೆಲಸದ ರೂಪ. ‘10 ಇಸಿ’ ಎಂದಿರುವ ಎರಡೂ ಬಾಟಲಿಯಲ್ಲಿ ಲೀಟರಿಗೆ 100 ಗ್ರಾಂ ಮದ್ದೇ ಇದ್ದರೂ ಆಲ್ಫಾದಲ್ಲಿ ಕೆಲಸದ ಪಾಲು ಹೆಚ್ಚು. ಅದಕ್ಕೇ ಹತ್ತಿಗೆ ಅದರ ಲೇಬಲ್ಲಿನ ಪ್ರಮಾಣ ಸಾದಾದ ಅರ್ಧಕ್ಕಿಂತ ಕಡಿಮೆ. ಸಾದಾದ ಅಳತೆಯಲ್ಲಿ ಆಲ್ಫಾ ಹೊಡೆದರೆ ದುಡ್ಡೂ ಹಾಳು, ಹುಳ ತಿನ್ನುವ ಉಪಕಾರಿ ಕೀಟಗಳೂ ಹಾಳು, ಮುಂದೆ ಬಿಳಿನೊಣ ಏಳುತ್ತದೆ. ಆಲ್ಫಾದ ಅಳತೆಯಲ್ಲಿ ಸಾದಾ ಹೊಡೆದರೆ ಹುಳ ಸಾಯದೆ ಮದ್ದಿಗೆ ಒಗ್ಗಿಕೊಳ್ಳುತ್ತದೆ.

ಬೋರಿನ ಸವುಳು ನೀರಿನಲ್ಲಿ ಬೆರೆಸಿಟ್ಟು ಮರುದಿನ ಹೊಡೆಯಬೇಡಿ. ಸುಣ್ಣ ಸೇರಿದ ಬೋರ್ಡೋ ದ್ರಾವಣದ ಜೊತೆಗೂ ಬೇಡ. ಕ್ಷಾರದ ನೀರಿನಲ್ಲಿ ಅಣುವಿನ ಎಸ್ಟರ್ ಕೊಂಡಿ ಕಡಿದುಹೋಗುತ್ತದೆ. ಒಂದು ಕಾರ್ಬನ್ ದಿಕ್ಕು ಬದಲಿಸಿ ಕೆಲಸದ ರೂಪ ಕೆಲಸವಿಲ್ಲದ ರೂಪವಾಗುವುದೂ ಉಂಟು. ಬೆರೆಸಿದ್ದನ್ನು ಅಂದೇ ಮುಗಿಸಿ.

ಪ್ರಶ್ನೆ: ನಮ್ಮ ಕಾಲದಲ್ಲಿ ಬಿಎಚ್‌ಸಿ ಪುಡಿ ಎಲ್ಲ ಹೊಲಕ್ಕೂ ಹಾಕುತ್ತಿದ್ದೆವು. ಅದನ್ನು ಯಾಕೆ ನಿಲ್ಲಿಸಿದರು? ಹಳೆಯ ಚೀಲವೊಂದು ಅಟ್ಟದ ಮೇಲಿದೆ.
– ಹಿರಿಯ ರೈತರು, ಮಾನ್ವಿ

ಉತ್ತರ: ಹಿರಿಯರೇ, ಬಿಎಚ್‌ಸಿ ಎಂದರೆ ಬೆಂಜೀನ್ ಹೆಕ್ಸಾಕ್ಲೋರೈಡ್, ಬೆಂಜೀನಿಗೆ ಬೆಳಕಿನಲ್ಲಿ ಕ್ಲೋರಿನ್ ಹಾಯಿಸಿ ಮಾಡುತ್ತಿದ್ದ ಪುಡಿ ಅದು. ಆರು ಕಾರ್ಬನ್ನಿನ ಉಂಗುರಕ್ಕೆ ಆರು ಕ್ಲೋರಿನ್, ಯಾವುದು ಮೇಲೆ ಯಾವುದು ಕೆಳಗೆ ಎಂಬುದರ ಮೇಲೆ ಐಸೋಮರ್. ಹುಳ ಕೊಲ್ಲುತ್ತಿದ್ದುದು ಗ್ಯಾಮಾ ಎಂಬ ಐಸೋಮರ್ ಒಂದೇ, ಅದೂ ಪುಡಿಯಲ್ಲಿ ನೂರಕ್ಕೆ 10ರಿಂದ 15 ಪಾಲು. 60ರಿಂದ 70 ಪಾಲು ಆಲ್ಫಾ, ಸುಮ್ಮನೆ ಹೊಲಕ್ಕೆ ಬೀಳುತ್ತಿತ್ತು. ಕೇಡು ಮಾಡಿದ್ದು 5ರಿಂದ 12 ಪಾಲಿನ ಬೀಟಾ. ಇಂಥ ಅಣು ಒಡೆಯಬೇಕಾದರೆ ಒಂದು ಕ್ಲೋರಿನ್, ಅದರ ಪಕ್ಕದ ಕಾರ್ಬನ್ನಿನಲ್ಲಿ ಎದುರು ದಿಕ್ಕಿಗಿರುವ ಒಂದು ಹೈಡ್ರೋಜನ್ ಜೊತೆಯಾಗಿ ಹೊರಬೀಳಬೇಕು. ಬೀಟಾದಲ್ಲಿ ಕ್ಲೋರಿನ್‌ಗಳು ಒಂದು ಬಿಟ್ಟು ಒಂದು ಮೇಲೆ-ಕೆಳಗೆ ಇರುವುದರಿಂದ ಪಕ್ಕದ ಹೈಡ್ರೋಜನ್ ಯಾವಾಗಲೂ ಅದೇ ಬದಿಗೆ ಬರುತ್ತದೆ. ಜೊತೆ ಸಿಗದೆ ಅಣು ಒಡೆಯುವುದಿಲ್ಲ. ಮಣ್ಣಿನಿಂದ ಮೇವಿಗೆ, ಮೇವಿನಿಂದ ಹಾಲಿಗೆ, ಅಲ್ಲಿಂದ ನಮ್ಮ ಕೊಬ್ಬಿಗೆ ಬಂದು ವರ್ಷಗಟ್ಟಲೆ ಕೂರುತ್ತದೆ. ಭಾರತದಲ್ಲಿ 1997ರಲ್ಲಿ ನಿಷೇಧವಾಯಿತು.

ಆ ಚೀಲ ಒಡೆಯಬೇಡಿ, ಸುಡಬೇಡಿ, ಹೂಳಬೇಡಿ. ಹಾಗೆಯೇ ಇನ್ನೊಂದು ಗಟ್ಟಿ ಪ್ಲಾಸ್ಟಿಕ್ ಚೀಲದೊಳಗಿಟ್ಟು ಬಾಯಿ ಕಟ್ಟಿ, ಕಾಳುಕಡಿಯಿಂದ ದೂರವಿಟ್ಟು ರೈತ ಸಂಪರ್ಕ ಕೇಂದ್ರಕ್ಕೆ ತಿಳಿಸಿ.

ಪ್ರಶ್ನೆ: ಬಿಎಸ್ಸಿ ಪ್ರಾಕ್ಟಿಕಲ್‌ನಲ್ಲಿ ಫೀನಾಲ್ ನೈಟ್ರೇಷನ್ ಮಾಡಿ ಆರ್ಥೋ, ಪ್ಯಾರಾ ಬೇರ್ಪಡಿಸಬೇಕಿತ್ತು. ಫ್ಲಾಸ್ಕಿನಲ್ಲಿ ಡಾಂಬರಿನಂಥದ್ದು ಉಳಿಯಿತು, ಕಂಡೆನ್ಸರ್ ಹಳದಿ ಹರಳಿನಿಂದ ಕಟ್ಟಿಕೊಂಡಿತು. ತಪ್ಪೆಲ್ಲಿ?
– ವಿದ್ಯಾರ್ಥಿ, ಬಳ್ಳಾರಿ

ಉತ್ತರ: ನೈಟ್ರೇಷನ್ ಎಂದರೆ ಉಂಗುರಕ್ಕೆ ನೈಟ್ರೋ ಗುಂಪು ಹಚ್ಚುವುದು; ಅದು ಒಎಚ್ ಪಕ್ಕದಲ್ಲಿ ಕೂತರೆ ಆರ್ಥೋ, ಎದುರು ತುದಿಯಲ್ಲಾದರೆ ಪ್ಯಾರಾ. ನಿಮ್ಮ ತೊಂದರೆ ಎರಡು, ಅದರಲ್ಲಿ ಡಾಂಬರಿಗೆ ಕಾರಣ ಎರಡು. ಡಾಂಬರಿಗೆ ಮೊದಲ ಕಾರಣ ತಾಪ. ಸಣ್ಣ ಪ್ರಮಾಣದ ಅಳತೆ ಹೀಗಿರಲಿ: 6 ಗ್ರಾಂ ಸೋಡಿಯಂ ನೈಟ್ರೇಟನ್ನು 15 ಮಿಲಿ ನೀರಿನಲ್ಲಿ ಕರಗಿಸಿ, ತಣಿಸಿ, ಕಲಕುತ್ತಾ 4.6 ಮಿಲಿ ಸಾರ ಸಲ್ಫ್ಯೂರಿಕ್ ಆಮ್ಲ ಸೇರಿಸಿ, ಮಂಜುಗಡ್ಡೆಯಲ್ಲಿಡಿ. 3.1 ಗ್ರಾಂ ಫೀನಾಲನ್ನು ಅರ್ಧ ಮಿಲಿ ನೀರಿನೊಂದಿಗೆ ದ್ರವ ಮಾಡಿಕೊಂಡು ಹನಿಹನಿಯಾಗಿ ಆಮ್ಲಕ್ಕೆ ಬಿಡಿ. ಆಮ್ಲವನ್ನು ಫೀನಾಲಿಗೆ ಸುರಿಯುವುದಲ್ಲ. ತಾಪ 20 ಡಿಗ್ರಿ ದಾಟಬಾರದು. ಬಳ್ಳಾರಿಯ ಬೇಸಿಗೆಯಲ್ಲಿ ನಲ್ಲಿಯ ನೀರೇ 30 ದಾಟಿರುತ್ತದೆ. ಬರೀ ನೀರಿನ ಬೇಸಿನ್‌ನಲ್ಲಿಟ್ಟು ತಣಿಸಿದೆ ಎಂದರೆ ಆಗುವುದಿಲ್ಲ. ಎರಡು ತಾಸು ಕಲಕುತ್ತಿರಿ. ಕೈಗೆ ಫೀನಾಲ್ ತಾಗಿದರೆ ಮೊದಲು ಉರಿಯೇ ಗೊತ್ತಾಗದು, ಚರ್ಮ ಬೆಳ್ಳಗಾಗುತ್ತದೆ. ಕೈಗವಸು ಕಡ್ಡಾಯ, ತಾಗಿದರೆ ಕೂಡಲೇ ಧಾರಾಳ ನೀರಿನಲ್ಲಿ ತೊಳೆದು ವೈದ್ಯರ ಬಳಿ ಹೋಗಿ.

ಎರಡನೇ ಕಾರಣ, ತೊಳೆಯದಿರುವುದು. ಬಹುಮಂದಿ ಈ ಹಂತವನ್ನೇ ಹಾರಿಸುತ್ತಾರೆ. ಮೇಲಿನ ಆಮ್ಲದ ನೀರು ಬಸಿದು, ಉಳಿದ ರಾಳಕ್ಕೆ 15ರಿಂದ 20 ಮಿಲಿ ನೀರು ಹಾಕಿ ಬಿಸಿಮಾಡಿ ಕರಗಿಸಿ, ಅಲುಗಾಡಿಸಿ, ತಳ ಕೂತ ಮೇಲೆ ನೀರು ಚೆಲ್ಲಿ. ಹೀಗೆ ಕನಿಷ್ಠ ಎರಡು ಮೂರು ಸಲ. ನೈಟ್ರಿಕ್ ಆಮ್ಲ ಉಳಿದಿದ್ದರೆ, ಮುಂದೆ ಉಗಿ ಹಾಯಿಸಿ ಬಟ್ಟಿ ಇಳಿಸುವಾಗ, ಆ ಉಗಿಯ ಶಾಖಕ್ಕೆ ಮತ್ತೆ ನೈಟ್ರೇಷನ್, ಆಕ್ಸಿಡೇಷನ್ ನಡೆದು ಎಲ್ಲವೂ ಕಪ್ಪಾಗುತ್ತದೆ.

ಕಂಡೆನ್ಸರ್ ಕಟ್ಟಿಕೊಂಡದ್ದು ಒಳ್ಳೆಯ ಸುದ್ದಿ, ಆರ್ಥೋ ಬರುತ್ತಿದೆ ಎಂದೇ ಅರ್ಥ. ಅದು 45 ಡಿಗ್ರಿಗೆ ಕರಗುವ ವಸ್ತು, ತಣ್ಣನೆಯ ಗಾಜಿಗೆ ತಾಗಿ ಹರಳಾಗುತ್ತದೆ. ತಂಪು ನೀರಿನ ಹರಿವನ್ನು ಸ್ವಲ್ಪ ಹೊತ್ತು ನಿಲ್ಲಿಸಿ. ಉಗಿಯ ಬಿಸಿಗೆ ಕರಗಿ ತಾನೇ ಇಳಿಯುತ್ತದೆ. ಕಡ್ಡಿ ಹಾಕಿ ಕೆದಕಬೇಡಿ. ದಾರಿ ಪೂರ್ತಿ ಮುಚ್ಚಿದ್ದರೆ ಉಗಿಯನ್ನು ಮೊದಲು ತಪ್ಪಿಸಿ, ಇಲ್ಲವಾದರೆ ಬಿರಡೆ ಹಾರುತ್ತದೆ. ಇಳಿಯುವ ನೀರಿನಲ್ಲಿ ಹಳದಿ ನಿಂತಾಗ ಕೆಲಸ ಮುಗಿಯಿತು.

ಆರ್ಥೋ ಮಾತ್ರ ಉಗಿಯೊಂದಿಗೆ ಹೊರಡುವುದೇಕೆ ಎಂದು ವೈವಾದಲ್ಲಿ ಕೇಳುತ್ತಾರೆ. ಅದರ ಒಎಚ್ ಪಕ್ಕದಲ್ಲೇ ಇರುವ ನೈಟ್ರೋ ಗುಂಪಿನೊಂದಿಗೆ ಅಣುವಿನೊಳಗೇ ಹೈಡ್ರೋಜನ್ ಬಂಧ ಕಟ್ಟಿಕೊಂಡಿದೆ, ನೆರೆಯ ಅಣುವಿನ ಹಂಗಿಲ್ಲ. ಪ್ಯಾರಾದಲ್ಲಿ ಅವೆರಡೂ ಉಂಗುರದ ಎದುರುಬದುರು ತುದಿಯಲ್ಲಿರುವುದರಿಂದ ಅಣುವಿಗೆ ಅಣು ಕೊಂಡಿ ಹಾಕಿಕೊಂಡು ಸಾಲುಗಟ್ಟುತ್ತವೆ. ಅದು ಕರಗುವುದು 114ಕ್ಕೆ. ಫ್ಲಾಸ್ಕಿನಲ್ಲಿ ಉಳಿದದ್ದನ್ನು ಶೇ 3ರ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಚಿಟಿಕೆ ಇದ್ದಿಲ ಪುಡಿಯೊಂದಿಗೆ ಕುದಿಸಿ, ಬಿಸಿಯಿದ್ದಾಗಲೇ ಸೋಸಿ ರಾತ್ರಿಯಿಡೀ ಬಿಟ್ಟರೆ ಪ್ಯಾರಾ ಹರಳು ಸಿಗುತ್ತದೆ.

ಪ್ರಶ್ನೆ: ಜೀನ್ಸ್ ಘಟಕಕ್ಕೆ ಸಸ್ಯಮೂಲದ ಇಂಡಿಗೋ ತರಿಸಿದೆವು. ನೀಲಿಯ ಜೊತೆ ಕೆನ್ನೇರಳೆ ಛಾಯೆ ಇದೆ. ಬೇರೆ ಬಣ್ಣ ಬೆರೆಸಿದ್ದಾರೆಯೇ?
– ಬಳ್ಳಾರಿ

ಉತ್ತರ: ಬೆರೆಸಿರಲೇಬೇಕೆಂದಿಲ್ಲ. ಇಂಡಿಗೋವಿಗೆ ಇಂಡಿರುಬಿನ್ ಎಂಬ ಕೆಂಪು ಐಸೋಮರ್ ಇದೆ. ಇಬ್ಬರ ಸೂತ್ರವೂ ಸಿ₁₆ಎಚ್₁₀ಎನ್₂ಒ₂. ಎಲೆ ನೆನೆಸಿದ ನೀರಿನಲ್ಲಿ ಇಂಡಾಕ್ಸಿಲ್ ಬಿಡುಗಡೆಯಾಗುತ್ತದೆ. ಅದು ಅದರದೇ ಜೊತೆ ಕೂಡಿದರೆ ನೀಲಿ. ಕೆಲವಷ್ಟು ಹೆಚ್ಚು ಆಕ್ಸಿಡೈಸ್ ಆಗಿ ಐಸಾಟಿನ್ ಆದರೆ, ಐಸಾಟಿನ್ ಮತ್ತು ಇಂಡಾಕ್ಸಿಲ್ ಸೇರಿ ಕೆಂಪು. ಪರೀಕ್ಷೆ ಸುಲಭ. ಚಿಟಿಕೆ ಪುಡಿಯನ್ನು ತಣ್ಣೀರಿನಲ್ಲಿ ಅಲುಗಾಡಿಸಿ ಸೋಸಿ: ಎರಡೂ ನೀರಿಗೆ ಕರಗವು, ನೀರಿಗೆ ಗಾಢ ಬಣ್ಣ ಬಂದರೆ ಅದು ಬೇರೆಯೇ ಡೈ. ಇನ್ನೊಂದು ಚಿಟಿಕೆಯನ್ನು ಅಸಿಟೋನಿನಲ್ಲಿ ಅಲುಗಾಡಿಸಿ: ಇಂಡಿಗೋ ಬಹುಪಾಲು ತಳದಲ್ಲೇ ಉಳಿದು ದ್ರವಕ್ಕೆ ನೇರಳೆಗೆಂಪು ಬಂದರೆ ಇಂಡಿರುಬಿನ್ ಎನ್ನಬಹುದು.

ಪ್ರಶ್ನೆ: ಸೆಟಿರಿಜಿನ್ 10 ಮಿಲಿಗ್ರಾಂ ಬರುತ್ತದೆ, ಲಿವೋಸೆಟಿರಿಜಿನ್ ಯಾಕೆ 5?
– ಔಷಧ ಅಂಗಡಿ ಸಹಾಯಕಿ, ರಾಯಚೂರು

ಉತ್ತರ: ಸೆಟಿರಿಜಿನ್‌ನಲ್ಲಿ ಎಡ-ಬಲ ಎರಡೂ ರೂಪ ಸಮಪಾಲು. ಅಲರ್ಜಿ ತಡೆಯುವ ಕೆಲಸ ಮುಖ್ಯವಾಗಿ ಒಂದರದು. ಅದನ್ನಷ್ಟೇ ಕೊಟ್ಟರೆ ಅರ್ಧ ಸಾಕು. ಆಮ್ಲೋಡಿಪಿನ್ 5, ಎಸ್-ಆಮ್ಲೋಡಿಪಿನ್ 2.5 ಎಂಬುದೂ ಇದೇ ಲೆಕ್ಕ (ಎಸ್, ಆರ್ ಎಂಬವು ಎಡ-ಬಲ ರೂಪಗಳ ಗುರುತು). ಎಲ್ಲ ಔಷಧಕ್ಕೂ ಇದು ಹೊಂದುವುದಿಲ್ಲ. ಐಬುಪ್ರೊಫೇನಿನ ಆರ್ ರೂಪ ದೇಹದೊಳಗೇ ಬಹುಪಾಲು ಎಸ್ ಆಗುತ್ತದೆ. ಗರ್ಭಿಣಿಯರು ಸೇವಿಸಿ ಅಂಗವಿಕಲ ಶಿಶುಗಳು ಹುಟ್ಟಲು ಕಾರಣವಾದ ಥ್ಯಾಲಿಡೊಮೈಡಿನ ಒಂದು ರೂಪವನ್ನಷ್ಟೇ ಕೊಟ್ಟಿದ್ದರೆ ಆ ಅನಾಹುತ ತಪ್ಪುತ್ತಿತ್ತು ಎಂಬ ಮಾತು ಇಂದಿಗೂ ಓಡಾಡುತ್ತದೆ. ಅದರ ಎರಡೂ ರೂಪಗಳು ದೇಹದಲ್ಲಿ ಒಂದಕ್ಕೊಂದು ಬದಲಾಗುವುದರಿಂದ ಆ ಮಾತು ನಿಲ್ಲುವುದಿಲ್ಲ. ಬರೆದುಕೊಟ್ಟ ಚೀಟಿಯಲ್ಲಿ ಒಂದಿದ್ದರೆ ಇನ್ನೊಂದನ್ನು ನೀವೇ ಬದಲಿಸಿ ಕೊಡಬೇಡಿ.

ಪ್ರಶ್ನೆ: ಪೋಲಾರಿಮೀಟರ್ ಇಲ್ಲದ ಶಾಲೆಯಲ್ಲಿ ಬೆಳಕಿನ ತಲ ತಿರುಗುವುದನ್ನು ಮಕ್ಕಳಿಗೆ ತೋರಿಸಬಹುದೇ?
– ವಿಜ್ಞಾನ ಶಿಕ್ಷಕರು, ಕುಷ್ಟಗಿ

ಉತ್ತರ: ಚೆನ್ನಾಗಿ ತೋರಿಸಬಹುದು. ಎಡ-ಬಲ ರೂಪಗಳಲ್ಲಿ ಒಂದೇ ಇರುವ ದ್ರಾವಣವು ಒಂದೇ ತಲದಲ್ಲಿ ಕಂಪಿಸುವ ಬೆಳಕಿನ ಆ ತಲವನ್ನು ತಿರುಗಿಸುತ್ತದೆ; ಅದನ್ನು ಅಳೆಯುವ ಉಪಕರಣವೇ ಪೋಲಾರಿಮೀಟರ್. ಎಲ್‌ಸಿಡಿ ಪರದೆಯ ಹಳೆಯ ಮೊಬೈಲ್ ಒಂದು, ಪೋಲರಾಯ್ಡ್ ಕೂಲಿಂಗ್ ಗ್ಲಾಸ್ ಒಂದು ಬೇಕು. ಪರದೆಯ ಮುಂದೆ ಕನ್ನಡಕ ತಿರುಗಿಸಿದಾಗ ಒಂದು ಕೋನದಲ್ಲಿ ಕಪ್ಪಾಗಬೇಕು. ಆಗದಿದ್ದರೆ ಎರಡರಲ್ಲೊಂದು ಕೆಲಸಕ್ಕೆ ಬಾರದು. 50 ಗ್ರಾಂ ಸಕ್ಕರೆಯನ್ನು ಬಿಸಿನೀರಿನಲ್ಲಿ ಕರಗಿಸಿ, ತಣಿದ ಮೇಲೆ ಒಟ್ಟು 100 ಮಿಲಿ ಮಾಡಿ. ಬಿಳಿ ಸಕ್ಕರೆಯೇ ಬೇಕು, ಬೆಲ್ಲದ ನೀರಿನಲ್ಲಿ ಬೆಳಕು ಚದುರುತ್ತದೆ. ಚಪ್ಪಟೆ ತಳದ ಕಿರಿದಾದ ಗಾಜಿನ ಪಾತ್ರೆಯಲ್ಲಿ 10 ಸೆಂಟಿಮೀಟರ್ ಎತ್ತರಕ್ಕೆ ತುಂಬಿ, ಸುತ್ತ ಕಪ್ಪು ಕಾಗದ ಸುತ್ತಿ, ಮಲಗಿಸಿದ ಮೊಬೈಲ್ ಮೇಲಿಡಿ. ಪ್ಲಾಸ್ಟಿಕ್ ಲೋಟ ಬೇಡ. ಅಚ್ಚಿನಲ್ಲಿ ಎಳೆದ ಪ್ಲಾಸ್ಟಿಕ್ ತಾನೇ ಬಣ್ಣ ತೋರಿಸಿ ದಾರಿ ತಪ್ಪಿಸುತ್ತದೆ.

ಪರದೆಗೆ ಬಿಳಿ ಬದಲು ಶುದ್ಧ ಹಸಿರು ಚಿತ್ರ ಹಾಕಿ. ಬಿಳಿಯಲ್ಲಿ ನೀಲಿ ಹೆಚ್ಚು, ಕೆಂಪು ಕಡಿಮೆ ತಿರುಗುವುದರಿಂದ ಬಣ್ಣ ಬದಲಾಗುತ್ತದೆಯೇ ಹೊರತು ಪೂರ್ತಿ ಕತ್ತಲೆ ಸಿಗದು. ಪರದೆಯ ಹಳದಿ ಕೂಡ ಕೆಂಪು-ಹಸಿರಿನ ಬೆರಕೆ, ಸೋಡಿಯಂ ದೀಪದ ಹಳದಿಯಲ್ಲ. ನೀರು ಮಾತ್ರ ಇದ್ದಾಗ ಕತ್ತಲಾಗುವ ಕೋನ ಗುರುತು ಹಾಕಿ, ಆಮೇಲೆ ಸಕ್ಕರೆ ನೀರು. ಸೋಡಿಯಂ ಬೆಳಕಿಗೆ ಸುಕ್ರೋಸಿನ (ನಮ್ಮ ಸಕ್ಕರೆಯ) ತಿರುವಿನ ಅಂಕಿ 66.5, ಹಸಿರಿಗೆ ಸುಮಾರು 78. ಅದನ್ನು ಮಿಲಿಗೆ 0.5 ಗ್ರಾಂ ಸಾಂದ್ರತೆಯಿಂದ, 1 ಡೆಸಿಮೀಟರ್ ಉದ್ದದಿಂದ ಗುಣಿಸಿದರೆ 39 ಡಿಗ್ರಿಯ ಆಸುಪಾಸು, ಬಲಕ್ಕೆ.

ಈಗ ಅದೇ ದ್ರಾವಣಕ್ಕೆ 10 ಮಿಲಿ ಸಾರ ಹೈಡ್ರೋಕ್ಲೋರಿಕ್ ಆಮ್ಲ ನೀವೇ ಸೇರಿಸಿ, 60 ಡಿಗ್ರಿ ನೀರಿನಲ್ಲಿ ಕಾಲು ಗಂಟೆ ಇಡಿ. ಸಕ್ಕರೆ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗುತ್ತದೆ. ಇವೆರಡೂ ಸಿ₆ಎಚ್₁₂ಒ₆, ಐಸೋಮರ್‌ಗಳು; ಗ್ಲೂಕೋಸ್ ಬಲಕ್ಕೆ 52.7, ಫ್ರಕ್ಟೋಸ್ ಎಡಕ್ಕೆ 92ರಷ್ಟು ತಿರುಗಿಸುವುದರಿಂದ ಒಟ್ಟು ಎಡಕ್ಕೆ ವಾಲುತ್ತದೆ. ಫ್ರಕ್ಟೋಸಿನ ಹೆಸರಿನ ಮುಂದೆ ಡಿ ಇದ್ದರೂ ಅದು ತಿರುಗಿಸುವುದು ಎಡಕ್ಕೆ. ಆ ಡಿ ಅಣುವಿನ ಜೋಡಣೆಯ ಗುರುತು, ತಿರುಗುವ ದಿಕ್ಕಿನದಲ್ಲ. ಬಿಸಿಯಿರುವಾಗಲೇ ಅಳೆಯಬೇಡಿ. ಈ ಮಿಶ್ರಣದ ತಿರುವು ತಾಪ ಏರಿದಂತೆ ಕುಗ್ಗಿ 87 ಡಿಗ್ರಿಯ ಹತ್ತಿರ ಸೊನ್ನೆಯೇ ಆಗುತ್ತದೆ. 20ಕ್ಕೆ ತಣಿಸಿದರೆ ಎಡಕ್ಕೆ ಹತ್ತು ಡಿಗ್ರಿಯಷ್ಟು ಕಾಣುತ್ತದೆ, ಕುಷ್ಟಗಿಯ ಬೇಸಿಗೆ ಕೋಣೆಯಲ್ಲಿ ಇನ್ನೂ ಕಡಿಮೆ.

1848ರಲ್ಲಿ ಲೂಯಿ ಪಾಶ್ಚರ್ ಎಡ-ಬಲ ಹರಳುಗಳನ್ನು ಕೈಯಿಂದ ಆರಿಸಿದ ಪ್ರಯೋಗವನ್ನೂ ಮಾಡಿಸಬಹುದೇ ಎಂದು ಕೇಳಿದ್ದೀರಿ. ಅವರು ಬಳಸಿದ ಸೋಡಿಯಂ ಅಮೋನಿಯಂ ಟಾರ್ಟರೇಟ್ ಎಡ ಮತ್ತು ಬಲ ಹರಳಾಗಿ ಬೇರ್ಪಡುವುದು ಸುಮಾರು 27 ಡಿಗ್ರಿಗಿಂತ ಕೆಳಗೆ ಮಾತ್ರ. ಮೇಲಾದರೆ ಎರಡೂ ಒಂದೇ ಹರಳಿನಲ್ಲಿ ಬೆರೆತು ಕೂರುತ್ತವೆ. ಹುಣಸೆಹಣ್ಣಿನ ಟಾರ್ಟಾರಿಕ್ ಆಮ್ಲವೂ ಆಗದು, ಅದರಲ್ಲಿರುವುದು ಬಲದ ರೂಪ ಒಂದೇ. ಎರಡೂ ಸಮವಾಗಿರುವ ರೆಸಿಮಿಕ್ ಆಮ್ಲವೇ ಬೇಕು. ಅದು ಸಿಕ್ಕರೆ ಡಿಸೆಂಬರ್-ಜನವರಿಯಲ್ಲಿ, ತಂಪು ಕೋಣೆಯಲ್ಲಿ, ಕೆಲವು ದಿನ ಅಲುಗಾಡಿಸದೆ ನಿಧಾನ ಆರಲು ಬಿಟ್ಟು ನೋಡಿ.